ಎರಡನೇ ಚರಣ ಎರಡು ಸಲ

ಮಾರ್ಚ್ 4

ಪುಟ್ಟೀ,

ಅಪ್ಪನ ಹೊಸ ರೆಕಾರ್ಡು ಮೊನ್ನೆ ಬಂತು. ಪಾರ್ಸೆಲ್ಲಿಗೆ ಇಷ್ಟೊಂದು ದಾರ ಸುತ್ತಿದ್ದು ಮಾವನೇ ಇರಬೇಕು. ಬಿಚ್ಚೋ ಹೊತ್ತಿಗೆ ನಿನ್ನ ಅತ್ತಿಗೆಗೆ ಸಾಕುಸಾಕಾಯ್ತು. ಕವರಿನ ಫೋಟೋ ಚೆನ್ನಾಗಿದೆ. ಅಪ್ಪ ಟೋಪಿ ಹಾಕ್ಕೊಂಡು, ಗಿಟಾರ್ ತಬ್ಬಿ ನಗ್ತಿದ್ದಾರೆ. ನೀನು ಪಿಟೀಲು ಹಿಡ್ಕೊಂಡು ಅವರ ಮುಖಾನೇ ನೋಡ್ತಿದ್ದೀಯ. ಮಾವ ಬೇಸ್ ಗಿಟಾರಿನ ಹಿಂದೆ ಹೊಟ್ಟೆ ಬಚ್ಚಿಟ್ಟಿದ್ದಾರೆ, ಆದರೂ ಕಾಣುತ್ತೆ ಅಂತ ಹೇಳು.

ಭಾನುವಾರ ನನಗೆ ಪಾಳಿ ಇರಲಿಲ್ಲ. ಬಾಗಿಲು ಹಾಕ್ಕೊಂಡು ಎರಡೂ ಬದಿ ಕೇಳಿದೆ. ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಗಿಂತ ನನಗೆ ಇದೇ ಇಷ್ಟ. ಜನ ಕೆಮ್ಮೋದು, ಕುರ್ಚಿ ಎಳೆಯೋದು, ಮೊದಲನೇ ಸಾಲಲ್ಲಿ ಯಾವನೋ ತಾಳ ತಪ್ಪಿ ಚಪ್ಪಾಳೆ ಹೊಡೆಯೋದು, ಎಲ್ಲ ಹಾಗೇ ಇದೆ. 'ಕೊನೇ ಬಸ್ಸು' ಶುರುವಾಗೋ ಮೊದಲು ಅಪ್ಪ ಗಂಟಲು ಸರಿ ಮಾಡ್ಕೊಂಡಾಗ ನಿನ್ನ ಅತ್ತಿಗೆ ಅಡುಗೆಮನೆಯಿಂದ ಇಣುಕಿ ನೋಡಿದಳು, ಅಪ್ಪ ಯಾವಾಗ ಬಂದರು ಅಂತ. ಎಪ್ಪತ್ತೊಂದರ ಮನುಷ್ಯ ಆ ಬಸ್ ಡ್ರೈವರನ ಹಾಡನ್ನ ಹಾಗೆ ಹೇಳ್ತಾರಲ್ಲ, ನನಗೆ ಕಣ್ಣಲ್ಲಿ ನೀರು ಬಂತು.

ಒಂದು ವಿಷಯ ಮಾತ್ರ ಕೇಳಬೇಕು. ಅಪ್ಪ ಯಾವಾಗಿನಿಂದ ಕಾಲು ಕುಟ್ಟೋಕೆ ಶುರು ಮಾಡಿದರು? ನಾವು ಚಿಕ್ಕವರಿದ್ದಾಗ ವೇದಿಕೆ ಮೇಲೆ ಯಾರಾದರೂ ಕಾಲು ಕುಟ್ಟಿದರೆ ಅವರಿಗೆ ಮೈಯೆಲ್ಲ ಉರೀತಿತ್ತು. ನಾನು ಡ್ರಮ್ಮಿಗೆ ಕೂತಾಗ ಒಂದು ಸಲ ಕುಟ್ಟಿದ್ದಕ್ಕೆ ನನ್ನ ಬೂಟು ಬಿಚ್ಚಿಸಿದ್ದರು, ನೆನಪಿದೆಯಾ? ಈ ರೆಕಾರ್ಡಲ್ಲಿ ಮೊದಲಿಂದ ಕೊನೇವರೆಗೆ ಹಲಗೆ ಮೇಲೆ ದಬ್ ದಬ್ ಅಂತ ಕೇಳುತ್ತೆ. ಮತ್ತೆ ಪ್ರತಿ ಹಾಡಿಗೂ ಮುಂಚೆ ಹಾಡಿನ ಹೆಸರು, ಶ್ರುತಿ, ಯಾರು ಶುರು ಮಾಡ್ತಾರೆ ಅನ್ನೋದನ್ನೆಲ್ಲ ಬಿಡಿಸಿ ಬಿಡಿಸಿ ಹೇಳ್ತಾರೆ. ತಮಗೆ ತಾವೇ ನೆನಪು ಮಾಡ್ಕೊಳ್ಳೋ ಥರ.

ಏನೂ ಇಲ್ಲದೇ ಇರಬಹುದು. ಒಂದು ಫೋನ್ ಮಾಡು.

ಅಣ್ಣ

—

ಮಾರ್ಚ್ 15

ಅಣ್ಣಾ,

ನಿನ್ನ ಕಾಗದ ನಾಲ್ಕು ಲಾಡ್ಜ್ ಸುತ್ತಿ ನನ್ನ ಕೈಗೆ ಬಂತು. ನಾವು ಒಂದೂರಲ್ಲಿ ಎರಡು ದಿನ ನಿಲ್ಲಲ್ಲ ಅಂತ ಗೊತ್ತಲ್ಲ.

ಮಾವನ ಹೊಟ್ಟೆ ವಿಷಯ ಓದಿ ಹೇಳಿದೆ. ನಿನ್ನ ತಲೆ ಮೇಲೆ ಕೂದಲು ಎಷ್ಟು ಉಳಿದಿದೆ ಅಂತ ಕೇಳೋಕೆ ಹೇಳಿದರು.

ಕಾಲಿನ ವಿಷಯ ಇಷ್ಟೇ. ಆ ಹಾಲಿನ ವೇದಿಕೆ ಹಳೇ ಮರದ್ದು, ಒಳಗೆ ಟೊಳ್ಳು. ರೆಕಾರ್ಡ್ ಮಾಡೋಕೆ ಬಂದವರು ಒಂದು ಮೈಕನ್ನ ನೆಲದ ಹತ್ತಿರ ಇಟ್ಟಿದ್ದರು. ಅಪ್ಪನಿಗೆ ಉತ್ಸಾಹ ಬಂದು ಕುಟ್ಟಿರಬಹುದು. ಹಾಡಿನ ಹೆಸರು ಹೇಳೋದು ರೆಕಾರ್ಡ್ ಕಂಪನಿಯವರೇ ಹೇಳಿಕೊಟ್ಟಿದ್ದು. ನೀನು ಸುಮ್ಮನೆ ತಲೆಗೆ ಹುಳ ಬಿಟ್ಕೋಬೇಡ.

ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ನನಗಿಂತ ಮುಂಚೆ ಎದ್ದು ಷೂ ಪಾಲಿಶ್ ಮಾಡ್ಕೊಂಡು ಕೂತಿರ್ತಾರೆ. ಮೇ ಕೊನೆಗೆ ದೊಡ್ಡ ಷೋ ಇದೆ, ಅವರು ವೇದಿಕೆ ಹತ್ತಿ ಐವತ್ತು ವರ್ಷ ಆದದ್ದಕ್ಕೆ. ಅದೊಂದು ಚೆನ್ನಾಗಿ ಆಗಿಬಿಟ್ಟರೆ ಸಾಕು ಅಂತಾರೆ.

ಫೋನ್ ಬೇಡ. ಲಾಡ್ಜಿನ ಫೋನುಗಳಲ್ಲಿ ಬರೀ ಗೊರಗೊರ, ಏನೂ ಕೇಳಿಸಲ್ಲ. ಕಾಗದ ಬರಿ. ನಿನ್ನ ಕೋಳಿಕಾಲು ಅಕ್ಷರ ನೋಡಿದರೆ ನನಗೆ ಖುಷಿ.

ಅತ್ತಿಗೆಗೆ ಕೇಳಿದೆ ಅಂತ ಹೇಳು.

ಪುಟ್ಟಿ

—

ಮಾರ್ಚ್ 22

ಪುಟ್ಟೀ,

ನೀನು ಹೇಳಿದ್ದನ್ನ ನಂಬೋಣ ಅಂತಲೇ ಮತ್ತೆ ರೆಕಾರ್ಡ್ ಹಾಕಿದೆ. ಜೊತೆಗೆ ಕೆಲಸ ಮಾಡೋನ ಹತ್ತಿರ ಒಳ್ಳೇ ಹೆಡ್‌ಫೋನ್ ಇತ್ತು, ಇಸ್ಕೊಂಡು ಬಂದೆ. ತರಬಾರದಿತ್ತು.

ನನ್ನ ಕೆಲಸ ಏನು ಅಂತ ನಿನಗೆ ಗೊತ್ತು. ಟರ್ಬೈನ್ ತಿರುಗ್ತಿರುವಾಗ ಉದ್ದದ ಸ್ಕ್ರೂಡ್ರೈವರನ್ನ ಬೇರಿಂಗಿಗೆ ತಾಗಿಸಿ, ಅದರ ಹಿಡಿಯನ್ನ ಕಿವಿಗೆ ಒತ್ತಿ ಕೇಳ್ತೀನಿ. ಒಳಗೆ ಸವೆದಿದೆಯೋ ಇಲ್ಲವೋ ಅಂತ ಹೇಳ್ತೀನಿ, ಬಿಚ್ಚಿ ನೋಡಿದರೆ ಅದೇ ಇರುತ್ತೆ. ಅಪ್ಪನ ದನಿಯನ್ನೂ ಹಾಗೇ ಕೇಳಬೇಕಾಗಿ ಬಂತು.

ಎರಡನೇ ಬದಿಯ 'ಸೇತುವೆ ದಾಟಿದ ಮೇಲೆ' ಹಾಡು ತಗೋ. ಎರಡನೇ ಚರಣ ಮುಗಿಯುತ್ತೆ, ಮೂರನೇದು ಬರಬೇಕು, ಅಪ್ಪ ಮತ್ತೆ ಎರಡನೇದನ್ನೇ ಹಾಡ್ತಾರೆ. ಪೂರ್ತಿ. ಹೆಂಡತಿ ಬಾಗಿಲಲ್ಲಿ ನಿಂತಿರೋ ಆ ಮೂರನೇ ಚರಣ ಬರೋದೇ ಇಲ್ಲ. ಅಮ್ಮನಿಗೋಸ್ಕರ ಬರೆದ ಚರಣ ಅದು, ಅದನ್ನ ಅಪ್ಪ ಮರೀತಾರಾ? ಅದಾದ ಮೇಲೆ ಒಂದು ದೊಡ್ಡ ಖಾಲಿ ಜಾಗ. ಅಪ್ಪ ಜನರಿಗೆ ಕುಂಟು ಕುದುರೆ ಮಾರಿದವನ ಕಥೆ ಹೇಳ್ತಾರೆ. ಹೇಳಿದ್ದನ್ನೇ ಹೇಳ್ತಾರೆ. ಜನ ನಗ್ತಾರೆ, ಹಿಂದೆ ಯಾರೋ ತಂತಿ ಮೀಟ್ತಾನೇ ಇರ್ತಾರೆ, ಅಪ್ಪ ಮತ್ತೆ ಕುದುರೆ ಹತ್ತಿರಾನೇ ಬರ್ತಾರೆ. ಮುಂದಿನ ಹಾಡು ಯಾವುದು ಅಂತ ಹೊಳೀಲಿಲ್ಲ ಅವರಿಗೆ.

ನನಗೆ ಅಜ್ಜ ನೆನಪಾದರು. ನೀನಾಗ ತೊಟ್ಟಿಲಲ್ಲಿದ್ದೆ. ಅಜ್ಜನೂ ಹೀಗೇ ಶುರು ಮಾಡಿದ್ದು, ಹೇಳಿದ್ದನ್ನೇ ಹೇಳೋದರಿಂದ. ಆಮೇಲೆ ಒಂದು ಸಂಜೆ ಪಕ್ಕದ ಬೀದಿಯವರ ಮನೆಗೆ ಹೋಗಿ, ಕೈಕಾಲು ತೊಳ್ಕೊಂಡು ಊಟಕ್ಕೆ ಕೂತುಬಿಟ್ಟಿದ್ದರು. ಅಪ್ಪ ಅವರನ್ನ ಕೈ ಹಿಡಿದು ಕರ್ಕೊಂಡು ಬಂದಾಗ ಅಜ್ಜ ಅಪ್ಪನಿಗೇ ನೀವು ಯಾರು ಸ್ವಾಮಿ ಅಂದರು. ಅಪ್ಪನ ಮುಖ ಆಗ ಹೇಗಿತ್ತು ಅಂತ ನಾನು ನೋಡಿದ್ದೀನಿ. ಮುಂದೊಂದು ದಿನ ನನ್ನ ಮುಖ ಹಾಗಾಗುತ್ತೆ ಅನ್ನೋ ಭಯಕ್ಕೆ ನನಗೆ ಊಟ ಸೇರ್ತಿಲ್ಲ.

ಅಪ್ಪನಿಗೆ ಫೋನ್ ಮಾಡಿದ್ದೆ. ಚೆನ್ನಾಗಿದ್ದೀನಿ ಕಣೋ ಅಂದರು. ಏನೋ ಮುಚ್ಚಿಡ್ತಿದ್ದೀರಿ ಅಂದೆ. ಇಲ್ಲಿ ಬಿಸಿಲು ಜಾಸ್ತಿ ಅಂದು ಇಟ್ಟುಬಿಟ್ಟರು.

ಪುಟ್ಟೀ, ನಿನಗೆ ಗೊತ್ತಿದೆ. ದಿನಾ ಪಕ್ಕದಲ್ಲಿ ನಿಲ್ಲೋಳು ನೀನು. ಎಲ್ಲ ನಿಲ್ಲಿಸಿ ಅವರನ್ನ ಇಲ್ಲಿಗೆ ಕರ್ಕೊಂಡು ಬಾ. ಸಾವಿರ ಜನರ ಮುಂದೆ ಅವರು ತಬ್ಬಿಬ್ಬಾಗಿ ನಿಲ್ಲೋದು ಬೇಡ.

ಅಣ್ಣ

—

ಮಾರ್ಚ್ 30

ಅಣ್ಣಾ,

ಅಪ್ಪನಿಗೆ ಏನೂ ಆಗಿಲ್ಲ. ಅಮ್ಮನಾಣೆ. ಇದಕ್ಕಿಂತ ಹೆಚ್ಚು ನನ್ನ ಹತ್ತಿರ ಕೇಳಬೇಡ.

ಷೋಗಳನ್ನ ನಿಲ್ಲಿಸೋ ಮಾತಾಡಬೇಡ. ಯಾರ ಹತ್ತಿರಾನೂ ಆಡಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಮೇ ಒಂದು ಮುಗೀಲಿ, ಆಮೇಲೆ ನಾನೇ ಬಂದು ಎಲ್ಲ ಹೇಳ್ತೀನಿ.

ನನಗೂ ಹೆದರಿಕೆ ಆಗ್ತಿದೆ, ಅದಕ್ಕೇ ಹೇಳ್ತಿದ್ದೀನಿ.

ಪುಟ್ಟಿ

—

ಏಪ್ರಿಲ್ 6

ಪುಟ್ಟೀ,

ಹೆದರಿಕೆ ಆಗ್ತಿದೆ ಅಂತ ನೀನೇ ಬರೆದೆ. ಅದಾದ ಮೇಲೆ ನಾನು ಕೈಕಟ್ಟಿ ಕೂರೋದು ಹೇಗೆ?

ನಿನ್ನೆ ಷೋ ಮ್ಯಾನೇಜರಿಗೆ ಫೋನ್ ಮಾಡಿದೆ. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿರಬಹುದು, ಅವರ ತಂದೆಗೂ ಇತ್ತು, ರೆಕಾರ್ಡಲ್ಲೇ ಕೇಳುತ್ತೆ ಅಂದೆ. ಯಾವ ಹಾಡು, ಯಾವ ಜಾಗ ಅಂತ ಅವರು ಕೇಳಿದರು, ಹೇಳಿದೆ. ಅವರು ಹಾಕಿ ಕೇಳಿ, ಸಂಜೆ ತಾವೇ ಫೋನ್ ಮಾಡಿದರು. ನೀವು ಹೇಳಿದ್ದು ನಿಜ ಸಾರ್, ನಮಗೆ ಯಾರಿಗೂ ಹೊಳೆದೇ ಇರಲಿಲ್ಲ ಅಂದರು. ಡಾಕ್ಟರನ್ನ ಕರ್ಕೊಂಡು ಬಂದು ನೋಡ್ತಾರಂತೆ.

ನೀನು ಬೈತೀಯ ಅಂತ ಗೊತ್ತು. ಬೈದುಕೋ. ಅಪ್ಪ ಉಳಿದರೆ ಸಾಕು.

ಅಣ್ಣ

—

ಏಪ್ರಿಲ್ 14

ಪುಟ್ಟೀ,

ಕಾಗದ ಯಾಕೆ ಇಲ್ಲ? ಲಾಡ್ಜಿಗೆ ಫೋನ್ ಮಾಡಿದರೆ ಖಾಲಿ ಮಾಡ್ಕೊಂಡು ಹೋದರು ಅಂತಾರೆ. ಮನೆ ಫೋನನ್ನ ಮಾವ ತೆಗೀತಾರೆ, ಪುಟ್ಟಿ ಬರೀತಾಳೆ, ಕಾಯ್ತಿರು ಅಂದು ಇಡ್ತಾರೆ. ಮಾವ ಯಾವತ್ತೂ ನನ್ನ ಹತ್ತಿರ ಹಾಗೆ ಮಾತಾಡಿದವರಲ್ಲ.

ಏನಾಯ್ತು ಅಂತ ಒಂದು ಸಾಲು ಬರಿ.

ಅಣ್ಣ

—

ಏಪ್ರಿಲ್ 19

ಅಣ್ಣಾ,

ನಿನ್ನ ಮೇಲೆ ಬಂದ ಸಿಟ್ಟು ಇಳೀಲಿ ಅಂತ ಕಾದೆ. ಪೂರ್ತಿ ಇಳಿದಿಲ್ಲ, ಆದರೂ ಬರೀತೀನಿ.

ಮ್ಯಾನೇಜರ್ ಡಾಕ್ಟರನ್ನ ಕರ್ಕೊಂಡು ನೇರ ಗ್ರೀನ್‌ರೂಮಿಗೇ ಬಂದರು. ಅಪ್ಪ ಗಿಟಾರಿಗೆ ತಂತಿ ಹಾಕ್ತಿದ್ದರು. ಡಾಕ್ಟರು ಮೊದಲು ಇವತ್ತು ಯಾವ ವಾರ ಅಂತ ಕೇಳಿದರು. ಅಪ್ಪ ವಾರ ಹೇಳಿ, ನಿಮಗೆ ಬೇಕಾದರೆ ಬರೆದು ಕೊಡ್ತೀನಿ ಅಂತ ತಮಾಷೆ ಮಾಡಿದರು. ಆಮೇಲೆ ಮ್ಯಾನೇಜರ್ ರೆಕಾರ್ಡಿನ ಮಾತು ತೆಗೆದರು. 'ಸೇತುವೆ' ಹಾಡಲ್ಲಿ ಒಂದೇ ಚರಣ ಎರಡು ಸಲ ಯಾಕೆ ಬಂತು ಅಂದರಂತೆ. ಅವರು ಕೇಳಿದ್ದು ನನಗೆ ಆಗ ಗೊತ್ತಾಗಲಿಲ್ಲ, ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ಅಪ್ಪ ಮಾತ್ರ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, "ಹೌದು, ಈಚೆಗೆ ಸ್ವಲ್ಪ ಮರೆವು," ಅಂದರು. ಅವರ ತುಟಿ ನೋಡಿ ತಿಳ್ಕೊಂಡೆ.

ನನಗೆ ಕಿವಿ ಹೋಗ್ತಿದೆ ಅಣ್ಣ.

ಬಲಗಿವಿ ಹೋಗಿ ವರ್ಷದ ಮೇಲಾಯ್ತು. ಎಡಗಿವಿಯಲ್ಲಿ ಇನ್ನೂ ಒಂದಿಷ್ಟು ಇದೆ, ಅದೂ ದಿನಕ್ಕೊಂದು ಥರ. ಒಳಗೆ ಯಾವಾಗಲೂ ನೀರು ಕಾಯಿಸೋ ಕೆಟಲಿನ ಸಿಳ್ಳು. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಕಿವಿ ಹತ್ತಿರ ಬೆರಳು ಉಜ್ಜಿ ನೋಡ್ಕೋತೀನಿ. ಕೇಳಿಸಿದರೆ ಎದ್ದು ಮುಖ ತೊಳೀತೀನಿ, ಕೇಳಿಸದ ದಿನ ಹಾಸಿಗೇಲೇ ಮಲಗಿರ್ತೀನಿ. ಪಿಟೀಲು ದವಡೆಗೆ ಒತ್ತಿರುತ್ತಲ್ಲ, ಅದು ಮೂಳೆಯಲ್ಲಿ ಗೊತ್ತಾಗುತ್ತೆ. ಅದರ ಸದ್ದಲ್ಲಿ ಅಪ್ಪನ ಹಾಡು ಗೊತ್ತಾಗಲ್ಲ.

ಅದಕ್ಕೇ ಅಪ್ಪ ಕಾಲು ಕುಟ್ಟೋದು. ಹಲಗೆ ನಡುಗಿದರೆ ನನ್ನ ಪಾದಕ್ಕೆ ತಾಳ ಸಿಗುತ್ತೆ. ಹಾಡಿನ ಹೆಸರು, ಶ್ರುತಿ, ಬಾಯಿ ತುಂಬಾ ತೆರೆದು ಬಿಡಿಸಿ ಹೇಳೋದು ನಾನು ತುಟಿ ಓದಲಿ ಅಂತ. ಆವತ್ತು ಎರಡನೇ ಚರಣ ಆದ ಮೇಲೆ ನಾನು ತಪ್ಪಿ, ಮೂರನೇದರ ಬೇರೆ ಧಾಟಿ ಹಿಡಿಯೋದು ಬಿಟ್ಟು ಮತ್ತೆ ಎರಡನೇದರ ಧಾಟಿಗೇ ಹೋಗಿಬಿಟ್ಟೆ. ಅಪ್ಪ ಮರೆತಿದ್ದಲ್ಲ. ನನ್ನನ್ನ ಒಬ್ಬಳನ್ನೇ ಬಿಡಬಾರದು ಅಂತ ಅಮ್ಮನ ಚರಣ ಬಿಟ್ಟು ನನ್ನ ಹಿಂದೆ ಬಂದರು. ಕುದುರೆ ಕಥೆ ಹೇಳಿದ್ದೂ ಅದಕ್ಕೇ. ನನ್ನ ತಂತಿ ಇಳಿದುಹೋಗಿತ್ತು, ನನಗೆ ಗೊತ್ತಾಗಿರಲಿಲ್ಲ. ಮಾವ ನನ್ನ ಪಿಟೀಲು ಇಸ್ಕೊಂಡು ಶ್ರುತಿ ಮಾಡೋವರೆಗೆ ಅಪ್ಪ ಜನರನ್ನ ಹಿಡಿದಿಟ್ಟರು.

ನೀನು ಎಲ್ಲ ಸರಿಯಾಗೇ ಕೇಳಿಸ್ಕೊಂಡೆ. ಯಾರದ್ದು ಅನ್ನೋದು ಮಾತ್ರ ತಪ್ಪಿತು.

ನಿನಗೆ ಹೇಳಬೇಡಿ ಅಂತ ನಾನೇ ಹಟ ಮಾಡಿದ್ದೆ. ಹೇಳಿದರೆ ನೀನು ಬಂದು ನನ್ನನ್ನ ವೇದಿಕೆಯಿಂದ ಇಳಿಸ್ತೀಯ ಅಂತ ಭಯ. ಹತ್ತು ವರ್ಷದವಳಿದ್ದಾಗಿಂದ ಅಪ್ಪನ ಪಕ್ಕ ನಿಂತವಳು ನಾನು, ಇಳಿದು ಎಲ್ಲಿಗೆ ಹೋಗಲಿ?

ಷೋ ರದ್ದಾಯ್ತು. ರೇಡಿಯೋದಲ್ಲೂ ಹೇಳಿದರು, ಹಿರಿಯ ಗಾಯಕರಿಗೆ ಅನಾರೋಗ್ಯ ಅಂತ. ಈಗ ಕ್ಷೌರದ ಅಂಗಡಿಯವನೂ, ಹಾಲಿನವನೂ ಅಪ್ಪನ ಹತ್ತಿರ ಜೋರಾಗಿ, ನಿಧಾನವಾಗಿ, ಕೈ ಆಡಿಸಿ ಮಾತಾಡ್ತಾರೆ. ಹಾಗೆ ಮಾತಾಡಬೇಕಾಗಿದ್ದು ನನ್ನ ಹತ್ತಿರ ಅಂತ ಮಾವ ಮೊದಲ ದಿನ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅಪ್ಪ ಹೊರಗೆ ಹೋಗೋದನ್ನೇ ಬಿಟ್ಟಿದ್ದಾರೆ.

ಪುಟ್ಟಿ

—

ಏಪ್ರಿಲ್ 25

ಪುಟ್ಟೀ,

ನಿನ್ನ ಕಾಗದ ಕೆಲಸದ ಜಾಗಕ್ಕೆ ಬಂತು. ಕಂಟ್ರೋಲ್ ರೂಮಲ್ಲಿ ನಿಂತು ಓದಿದೆ, ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏನಾಯ್ತು ಅಂತ ಎಲ್ಲರೂ ಕೇಳಿದರು.

ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ. ನಾನು ಮ್ಯಾನೇಜರಿಗೆ ಫೋನ್ ಮಾಡಿ ನಿಜ ಹೇಳಲಾ? ಹೇಳಿದರೆ ನಿನ್ನ ಗುಟ್ಟು ಹೊರಬೀಳುತ್ತೆ. ಹೇಳದಿದ್ದರೆ ಜನರ ಕಣ್ಣಲ್ಲಿ ಅಪ್ಪ ಮರೆವಿನವರಾಗೇ ಉಳೀತಾರೆ. ಈ ಸಲ ನಿನ್ನ ಕೇಳದೆ ನಾನು ಒಂದು ಹೆಜ್ಜೆನೂ ಇಡಲ್ಲ.

ಡಾಕ್ಟರು ಏನಂತಾರೆ? ಪೂರ್ತಿ ಹೋಗುತ್ತಾ? ನೀನು ಹೇಗಿದ್ದೀಯ, ನಿಜ ಬರಿ.

ಅಣ್ಣ

—

ಮೇ 3

ಅಣ್ಣಾ,

ನೀನು ಫೋನ್ ಮಾಡಬೇಕಾಗಿಲ್ಲ. ಮೊನ್ನೆ ನಾನೇ ಮಾವನ ಜೊತೆ ಮ್ಯಾನೇಜರ ಆಫೀಸಿಗೆ ಹೋಗಿ ಹೇಳಿ ಬಂದೆ. ಅಪ್ಪನಿಗೆ ಮನೆಗೆ ಬಂದ ಮೇಲೆ ಹೇಳಿದೆ. ಅವರು ನನ್ನನ್ನ ಬೈಯಲಿಲ್ಲ, ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸ್ಕೊಂಡು ತುಂಬಾ ಹೊತ್ತು ಒಳಗೇ ಇದ್ದರು. ನಲ್ಲಿ ಸದ್ದಿಗೆ ಏನೂ ಕೇಳಲಿಲ್ಲ ಅಂತ ಮಾವ ಸುಳ್ಳು ಹೇಳಿದರು.

ಷೋ ಮತ್ತೆ ಇದೆ, ಅದೇ ತಾರೀಕು. ಮ್ಯಾನೇಜರ್ ಬೇರೆ ಪಿಟೀಲಿನವನನ್ನ ಕರೆಸ್ತೀನಿ ಅಂದರು. ಅಪ್ಪ, ನನ್ನ ಮಗಳು ಇಲ್ಲದಿದ್ದರೆ ನಾನೂ ಇಲ್ಲ ಅಂತ ಪಟ್ಟು ಹಿಡಿದಿದ್ದಾರೆ. ಕೊನೆಗೆ ಎಲ್ಲ ನನ್ನ ತಲೆ ಮೇಲೆ ಬಂದಿದೆ. ನಾನು ವೇದಿಕೆ ಹತ್ತುತ್ತೀನಿ ಅಂದರೆ ನಡೆಯುತ್ತೆ. ನಾನೇ ಬೇಡ ಅಂದರೆ ಮಾತ್ರ ಅಪ್ಪ ಬೇರೆಯವನನ್ನ ಒಪ್ತಾರೆ.

ಕಿವಿ ಡಾಕ್ಟರು ಎಡಗಿವಿನೂ ಹೋಗುತ್ತೆ ಅಂದರು. ಯಾವಾಗ ಅಂತ ಹೇಳೋಕೆ ಆಗಲ್ಲವಂತೆ. ಒಂದು ಬೆಳಿಗ್ಗೆ ಎದ್ದಾಗ ಇರದೇ ಇರಬಹುದು. ಅಣ್ಣ, ನನಗೆ ತುಂಬಾ ಭಯ. ನಿದ್ದೆ ಮಾಡೋಕೇ ಭಯ.

ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬೇಡ. ಆ ರೆಕಾರ್ಡನ್ನ ಇಡೀ ಊರಲ್ಲಿ ನಿನ್ನಷ್ಟು ಕಿವಿಗೊಟ್ಟು ಕೇಳಿದವರು ಯಾರೂ ಇಲ್ಲ. ಕಾಲು ಅಂದೆ, ಚರಣ ಅಂದೆ, ಕುದುರೆ ಅಂದೆ. ಇಷ್ಟು ಕಾಗದಗಳಲ್ಲಿ ನನ್ನ ಪಿಟೀಲಿನ ಬಗ್ಗೆ ಒಂದೇ ಒಂದು ಮಾತು ಬರೆದಿಲ್ಲ. ನಾನು ಹೇಗೆ ನುಡಿಸಿದ್ದೀನಿ ಅಂತ ನನಗೆ ಗೊತ್ತಿಲ್ಲ. ರೆಕಾರ್ಡ್ ಹಾಕಿ ಸ್ಪೀಕರಿಗೆ ಎಡಗಿವಿ ಇಟ್ಟರೂ ನನಗೆ ಬರೀ ಗಲಾಟೆ ಕೇಳುತ್ತೆ. ಅಪ್ಪ, ಮಾವ ಇಬ್ಬರೂ ಚೆನ್ನಾಗಿದೆ ಅಂತಾರೆ, ಅವರು ಇನ್ನೇನು ಹೇಳ್ತಾರೆ. ನೀನು ಹೇಳು. ನೀನು ವೇದಿಕೆ ಹತ್ತು ಅಂದರೆ ಹತ್ತುತ್ತೀನಿ.

ಪುಟ್ಟಿ

—

ಮೇ 11

ಪುಟ್ಟೀ,

ಮೂರು ದಿನ ಬರೀ ನಿನ್ನ ಪಿಟೀಲನ್ನೇ ಕೇಳಿದೆ. ಅಪ್ಪನ ಕಡೆ ಕಿವಿ ಹೋದಾಗಲೆಲ್ಲ ಎಳೆದು ತಂದು ನಿನ್ನ ಹತ್ತಿರ ಕೂರಿಸಿದೆ. ಮೊದಲೇ ಹೀಗೆ ಕೇಳಿದ್ದರೆ ಈ ಅನಾಹುತ ಆಗ್ತಿರಲಿಲ್ಲ. ನಮ್ಮ ಮನೇಲಿ ಎಲ್ಲರೂ ಅಪ್ಪನನ್ನೇ ಕೇಳಿ ಬೆಳೆದವರು.

ಸುಳ್ಳು ಬೇಡ ಅಂದೆ, ಅದಕ್ಕೆ ಹೇಳ್ತೀನಿ. ಓಡೋ ಹಾಡುಗಳಲ್ಲಿ ನೀನು ತುಂಬಾ ಚೆನ್ನಾಗಿದ್ದೀಯ. 'ಕೊನೇ ಬಸ್ಸು' ನಡುವೆ ಅಪ್ಪ ಬಿಟ್ಟುಕೊಟ್ಟ ಜಾಗದಲ್ಲಿ ನೀನು ನುಡಿಸಿದ್ದನ್ನ ಮತ್ತೆ ಮತ್ತೆ ಹಾಕಿ ಕೇಳಿದೆ, ನಿನ್ನ ಅತ್ತಿಗೆ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ನಿಧಾನದ ಹಾಡುಗಳಲ್ಲಿ ಶ್ರುತಿ ಜಾರುತ್ತೆ. ಕೊನೇ ಹಾಡನ್ನ ನೀನೊಬ್ಬಳೇ ಶುರು ಮಾಡ್ತೀಯ, ಅದು ಇರಬೇಕಾದ್ದಕ್ಕಿಂತ ಮೇಲಿದೆ. ಅಪ್ಪ ಬಂದು ನಿನ್ನ ಶ್ರುತಿಗೇ ಸೇರ್ಕೋತಾರೆ. ಆ ಎತ್ತರಕ್ಕೆ ಅವರ ಗಂಟಲು ಈಗ ಏರಲ್ಲ, ಎರಡು ಕಡೆ ಒಡೆಯುತ್ತೆ. ವಯಸ್ಸಾಯ್ತು ಅಂದ್ಕೊಂಡಿದ್ದೆ ನಾನು. ಇಡೀ ರೆಕಾರ್ಡಲ್ಲಿ ಅವರು ಹಾಡ್ತಿರೋದು ಅರ್ಧ ಮಾತ್ರ, ಇನ್ನರ್ಧ ನಿನ್ನನ್ನ ಕಾಯ್ತಿದ್ದಾರೆ.

ಹತ್ತಬೇಡ ಪುಟ್ಟೀ.

ಇದನ್ನ ಬರೆದು ಹರಿದು ಹಾಕಿ ಮತ್ತೆ ಬರೆದಿದ್ದೀನಿ. ನೀನು ಇನ್ನು ನನ್ನ ಮುಖ ನೋಡಲ್ಲವೇನೋ ಅಂತ ಭಯ ಆಗ್ತಿದೆ. ಆದರೂ ಒಂದು ಮಾತು ಕೇಳು. ಹತ್ತು ವರ್ಷದವಳಿದ್ದಾಗಿಂದ ಅಪ್ಪನ ಪಕ್ಕ ನಿಂತೆ ಅಂದೆ. ಹಾಗಾದರೆ ಅಪ್ಪ ಹಾಡೋದನ್ನ ನೀನು ಒಂದು ಸಲವೂ ಎದುರಿಗೆ ಕೂತು ಕೇಳಿಲ್ಲ. ನೀನು ಯಾವತ್ತೂ ಮುಂದಿನ ಮಟ್ಟಿನ ಯೋಚನೆಯಲ್ಲೇ ಇದ್ದವಳು. ನಾವೆಲ್ಲ ಕೇಳಿದ್ದೀವಿ, ನೀನೊಬ್ಬಳು ಕೇಳಿಲ್ಲ. ಉಳಿದಿರೋ ಕಿವೀನ ನುಡಿಸೋಕೆ ಖರ್ಚು ಮಾಡಬೇಡ. ಈ ಸಲ ಅವರು ಕಾಲು ಕುಟ್ಟದೆ, ಯಾರನ್ನೂ ಕಾಯದೆ, ಮೂರನೇ ಚರಣ ಹಾಡಲಿ. ನೀನು ಕೇಳು.

ನಾನು ರಜೆ ಹಾಕಿದ್ದೀನಿ, ಹಿಂದಿನ ದಿನವೇ ಬರ್ತೀನಿ. ಮುಂದಿನ ಸಾಲಲ್ಲಿ, ಹಾಲಿನ ಬಲಗಡೆ ತುದಿಗೆ ಎರಡು ಸೀಟು ಹೇಳಿದ್ದೀನಿ. ಅಲ್ಲಿ ಕೂತರೆ ನಿನ್ನ ಎಡಗಿವಿ ಅಪ್ಪನ ಕಡೆಗೇ ಇರುತ್ತೆ.

ಅಣ್ಣ